ಪಹಣಿಯ ಬೀಗದ ಕೈ ಯಾರ ಬಳಿ?

ಗೊರವನಹಳ್ಳಿ ಎಂದರೆ ಹೊರಗಿನವರಿಗೆ ಮಹಾಲಕ್ಷ್ಮಿ. ಶುಕ್ರವಾರ ಬಂತೆಂದರೆ ತುಮಕೂರು, ಬೆಂಗಳೂರು ಕಡೆಯಿಂದ ಬಸ್ಸುಗಟ್ಟಲೆ ಜನ. ಊರಿನ ಒಕ್ಕಲು ಮಕ್ಕಳಿಗೆ ಮಾತ್ರ ಲಕ್ಷ್ಮಿ ಇನ್ನೊಂದು ರೂಪದಲ್ಲೂ ಇದ್ದಾಳೆ. ಎರಡೆಕರೆ ಹೊಲ, ಮಳೆ ಬಂದರೆ ರಾಗಿ, ಬೋರು ಕೈಕೊಡದಿದ್ದರೆ ನಾಲ್ಕು ಸಾಲು ಅಡಿಕೆ, ಬದುವಿನ ಮೇಲೆ ತೆಂಗು. ಈ ಲಕ್ಷ್ಮಿ ಯಾರ ಮನೆಯವಳು ಎಂದು ಹೇಳುವ ಕಾಗದ ದೇವಸ್ಥಾನದಲ್ಲಿಲ್ಲ. ಅದು ಕೊರಟಗೆರೆಯ ತಾಲ್ಲೂಕು ಕಚೇರಿಯಲ್ಲಿದೆ. ಅದರ ಹೆಸರು ಪಹಣಿ.

2002ರ ಸುಮಾರಿನ ಒಂದು ಬೆಳಿಗ್ಗೆಯನ್ನು ಕಲ್ಪಿಸಿಕೊಳ್ಳಿ. ಊರಿನ ರೈತನೊಬ್ಬ ತೀರಿಕೊಂಡ ತಂದೆಯ ಜಮೀನನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಕೊರಟಗೆರೆಗೆ ಬಂದಿದ್ದಾನೆ. ಕಚೇರಿಯಲ್ಲಿ ಹೊಸದಾಗಿ 'ಭೂಮಿ' ಕೇಂದ್ರ ಶುರುವಾಗಿದೆ. ಕಿಟಕಿಯಾಚೆ ಕುಳಿತ ಸಿಬ್ಬಂದಿ ಪುಟ್ಟ ಡಬ್ಬಿಯೊಂದರ ಗಾಜಿನ ಮೇಲೆ ಬೆರಳಿಟ್ಟರು. ಗಣಕಯಂತ್ರ ಬಾಗಿಲು ತೆರೆಯಿತು. ಸರ್ವೆ ನಂಬರು ಒತ್ತಿದೊಡನೆ ಅಪ್ಪನ ಹೆಸರು ಪರದೆಯ ಮೇಲೆ ಮೂಡಿತು. ರೈತನಿಗೆ ಖುಷಿಯೋ ಖುಷಿ.

"ಅಲ್ಲೇ ಐತಲ್ಲ ಸ್ವಾಮಿ, ನಮ್ಮಪ್ಪನ ಹೆಸ್ರು ತಗ್ದು ನನ್ನೆಸ್ರು ಹೊಡ್ದಾಕ್ಬುಡಿ. ಎಲ್ಡು ನಿಮಿಷದ ಕೆಲ್ಸ."

"ಅದು ನನ್ನ ಕೈಲಿ ಆಗಲ್ಲ ಯಜಮಾನ್ರೇ."

"ಯಾಕೆ, ಮಿಷಿನ್ನು ಕೆಟ್ಟೈತಾ?"

"ಮಿಷಿನ್ನು ಚೆನ್ನಾಗೇ ಇದೆ. ನನಗೆ ಅಷ್ಟು ಅಧಿಕಾರ ಕೊಟ್ಟಿಲ್ಲ, ಅಷ್ಟೆ."

ರೈತನಿಗೆ ಇದು ಒಗಟಾಯಿತು. ಯಂತ್ರ ಇವರ ಮುಂದಿದೆ, ಕೀಲಿಮಣೆ ಇವರ ಕೈಯಲ್ಲಿದೆ, ಹೆಸರು ಕಣ್ಣೆದುರೇ ಇದೆ. ಆದರೂ ಒಂದಕ್ಷರ ತಿದ್ದುವಂತಿಲ್ಲವಂತೆ! ಲಂಚಕ್ಕೆ ಹೂಡಿದ ಹೊಸ ಆಟವೇನೋ ಎಂಬ ಸಂಶಯವೂ ಒಳಗೊಳಗೇ ಬಂದಿರಬೇಕು. ಸಿಬ್ಬಂದಿ ಹೇಳಿದ್ದು ಮಾತ್ರ ಸತ್ಯ. ಆ 'ಆಗಲ್ಲ' ಎಂಬ ಮಾತಿನೊಳಗೆ ಗಣಕ ಲೋಕದ ಒಂದು ದೊಡ್ಡ ತತ್ತ್ವ ಅಡಗಿ ಕೂತಿದೆ. ರೈತನ ಎರಡೆಕರೆಯನ್ನು ಕಾಯುತ್ತಿರುವುದೂ ಅದೇ.

ಅದು ಅರ್ಥವಾಗಬೇಕಾದರೆ ಮೊದಲು ಹಳೆಯ ಕಾಲಕ್ಕೆ ಒಂದು ಸುತ್ತು ಹೋಗಿಬರಬೇಕು.

ಹಳ್ಳಿಯ ಲೆಕ್ಕವೆಲ್ಲ ಒಂದು ಕಾಲಕ್ಕೆ ಶಾನುಭೋಗರ ಮನೆಯಲ್ಲಿತ್ತು. ಹುದ್ದೆ ವಂಶಪಾರಂಪರ್ಯವಾಗಿ ಬರುತ್ತಿತ್ತು. ಲೆಕ್ಕದ ಕಟ್ಟೂ ಅದರ ಜೊತೆಗೇ ಬರುತ್ತಿತ್ತು. ಯಾರ ಹೊಲ ಎಲ್ಲಿಂದ ಎಲ್ಲಿಗೆ, ಯಾರು ಉಳುತ್ತಾರೆ, ಯಾರ ಬಾಕಿ ಎಷ್ಟು ಎಂಬುದೆಲ್ಲ ಅವರ ಕೈಬರಹದಲ್ಲೇ ಇರಬೇಕು. ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1961ರಲ್ಲಿ ಬಂದು, 1963ರ ಫೆಬ್ರುವರಿ 1ರಿಂದ ಜಾರಿಯಾದ ಮೇಲೆ ಶಾನುಭೋಗಿಕೆ ಹೋಯಿತು. ಸರ್ಕಾರಿ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಆದರೆ ಪುಸ್ತಕ ಮಾತ್ರ ಒಬ್ಬರ ಬಗಲಲ್ಲೇ ಉಳಿಯಿತು.

ಅವರೆಲ್ಲ ಕೆಟ್ಟವರೆಂದಲ್ಲ. ಎಷ್ಟೋ ಹಳ್ಳಿಗಳಲ್ಲಿ ಜಗಳ ಕೋರ್ಟಿಗೆ ಹೋಗದಂತೆ ಉಳಿಸಿದವರು ಅವರೇ. ಕುತ್ತು ಇದ್ದದ್ದು ಏರ್ಪಾಟಿನಲ್ಲಿ. ನೋಡುವವರೂ ಅವರೇ, ಬರೆಯುವವರೂ ಅವರೇ, ತಿದ್ದುವವರೂ ಅವರೇ, ನಕಲು ಕೊಡುವವರೂ ಅವರೇ. ಪಹಣಿಯ 9ನೇ ಕಲಮಿನಲ್ಲಿ ಮಾಲೀಕನ ಹೆಸರು, 11ರಲ್ಲಿ ಸಾಲ ಮತ್ತು ಋಣಭಾರ, 12ರಲ್ಲಿ ಸಾಗುವಳಿ ಮತ್ತು ಬೆಳೆ. ಯಾವ ಕಲಮಿನಲ್ಲಿ ಒಂದು ಗೀರು ಎಳೆದರೂ ಒಂದು ಮನೆಯ ಬದುಕೇ ಆಚೀಚೆ. 1964ರ ಭೂಕಂದಾಯ ಕಾಯಿದೆಯ 133ನೇ ಕಲಂ ಪ್ರಕಾರ, ತಪ್ಪೆಂದು ರುಜುವಾತಾಗುವವರೆಗೆ ಹಕ್ಕುದಾಖಲೆಯಲ್ಲಿ ಇರುವುದೇ ನಿಜ. ಗೀರು ಎಳೆದವನಿಗೆ ಒಂದು ನಿಮಿಷ ಸಾಕು. ಅದು ಸುಳ್ಳೆಂದು ತೋರಿಸಲು ರೈತನಿಗೆ ಒಂದು ಆಯುಷ್ಯ ಬೇಕು.

ಭೂದಾಖಲೆಗಳನ್ನು ಗಣಕಕ್ಕೆ ಏರಿಸುವ ಕೆಲಸ ಕರ್ನಾಟಕದಲ್ಲಿ ಭರದಿಂದ ನಡೆದದ್ದು 1999ರಿಂದ ಈಚೆಗೆ. ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ಮುಂದಾಳ್ತನ, ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದವರ ತಂತ್ರಾಂಶ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಗಣಕ ಸೇರಿದವು. 177 ತಾಲ್ಲೂಕು ಕಚೇರಿಗಳಲ್ಲಿ ಕೇಂದ್ರಗಳು ಶುರುವಾದವು. 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬಂತು. ಗಣಕದ ಪಹಣಿ ಬಂದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆಯಿಲ್ಲವೆಂದು ಸರ್ಕಾರ ಸಾರಿತು.

ಪತ್ರಿಕೆಗಳಲ್ಲಿ ಆಗ ಕಂಪ್ಯೂಟರಿನ ವೇಗದ ಗುಣಗಾನವೇ ಹೆಚ್ಚು. ಆದರೆ ಪುಸ್ತಕದಲ್ಲಿದ್ದುದನ್ನು ಗಣಕಕ್ಕೆ ಇಳಿಸಿದ ಮಾತ್ರಕ್ಕೆ ಏನೂ ಸುಧಾರಿಸುವುದಿಲ್ಲ. ಬಗಲಿನ ಚೀಲ ಹೋಗಿ ಕಬ್ಬಿಣದ ಪೆಟ್ಟಿಗೆ ಬಂತು, ಅಷ್ಟೆ. ಇನ್ನೂ ಅಪಾಯವೇ ಹೆಚ್ಚು ಎನ್ನಿ. ಪುಸ್ತಕದಲ್ಲಿ ತಿದ್ದಿದರೆ ಮಸಿಯ ಬಣ್ಣ ಬೇರೆಯಾಗುತ್ತದೆ, ಕಾಗದ ಕೆರೆದ ಗುರುತು ಉಳಿಯುತ್ತದೆ. ಗಣಕದಲ್ಲಿ ತಿದ್ದಿದ್ದು ಮೊದಲಿಂದಲೂ ಹಾಗೇ ಇದ್ದಂತೆ ಹೊಳೆಯುತ್ತದೆ. ಹಳ್ಳಿಯ ಪುಸ್ತಕ ಕೆಡಿಸಿದವನು ಒಂದು ಹಳ್ಳಿ ಕೆಡಿಸಿಯಾನು. ಗಣಕಕ್ಕೆ ಕೈಹಾಕಿದವನು ಕುಳಿತಲ್ಲೇ ಒಂದು ತಾಲ್ಲೂಕನ್ನು ಕೆಡಿಸಿಯಾನು. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ 'ಎಷ್ಟು ಬೇಗ?' ಎಂಬುದಲ್ಲ. 'ಯಾರು ಯಾವುದನ್ನು ಮುಟ್ಟಬಹುದು?' ಎಂಬುದು.

ಈ ಪ್ರಶ್ನೆ ಗಣಕ ವಿಜ್ಞಾನಿಗಳಿಗೆ ಹೊಸದಲ್ಲ. ಮಾಹಿತಿಯನ್ನು ಸಾಲು, ಕಲಮುಗಳ ಕೋಷ್ಟಕಗಳಲ್ಲಿ ಜೋಡಿಸಿಡುವ ಬಗೆಯನ್ನು ಐಬಿಎಂ ಕಂಪನಿಯ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ. ಡೇಟಾಬೇಸ್ ಎಂದು ಇಂದು ಎಲ್ಲರೂ ಕರೆಯುವ ದತ್ತಸಂಚಯಗಳಲ್ಲಿ ಬಹುಪಾಲು ಆ ಬಳ್ಳಿಯ ಕಾಯಿಗಳೇ. ನಮ್ಮ ಪಹಣಿಯನ್ನು ನೋಡಿದರೆ ಕಾಡ್ ಹೇಳಿದ್ದು ಹೊಸದೆನಿಸುವುದಿಲ್ಲ. ಶಾನುಭೋಗರು ಅವನಿಗಿಂತ ಎಷ್ಟೋ ಮೊದಲೇ ಸಾಲು, ಕಲಂ ಎಳೆದು ಕುಳಿತಿದ್ದರು!

ಕೋಷ್ಟಕ ಯಾವುದೇ ಇರಲಿ, ಅದರ ಮೇಲೆ ಮಾಡಬಹುದಾದ ಕೆಲಸಗಳು ಮುಖ್ಯವಾಗಿ ನಾಲ್ಕು. ನೋಡುವುದು, ಹೊಸದಾಗಿ ಸೇರಿಸುವುದು, ಇರುವುದನ್ನು ತಿದ್ದುವುದು, ಅಳಿಸುವುದು. ಗಣಕ ಭಾಷೆಯಲ್ಲಿ ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್, ಡಿಲೀಟ್. ಈ ನಾಲ್ಕನ್ನೂ ಬೇರೆ ಬೇರೆ ಬೀಗ ಎಂದುಕೊಳ್ಳಿ. ಐಬಿಎಂನ ಪೆಟ್ರೀಷಿಯಾ ಗ್ರಿಫಿತ್ಸ್ ಮತ್ತು ಬ್ರಾಡ್‌ಫರ್ಡ್ ವೇಡ್ ಎಂಬ ಇಬ್ಬರು 1976ರಲ್ಲಿ ಒಂದು ಪ್ರಬಂಧ ಬರೆದು, ಈ ಬೀಗದ ಕೈಗಳನ್ನು ಒಬ್ಬರಿಗೆ ಕೊಡುವುದು ಹೇಗೆ, ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದು ಹೇಗೆ ಎಂಬುದನ್ನು ನಿಯಮಬದ್ಧವಾಗಿ ವಿವರಿಸಿದರು. ಕೊಡುವ ಆಜ್ಞೆ 'ಗ್ರ್ಯಾಂಟ್'. ಕಸಿಯುವ ಆಜ್ಞೆ 'ರಿವೋಕ್'. ನಮ್ಮ ಕಂದಾಯ ಇಲಾಖೆಯವರಿಗೆ ಗ್ರ್ಯಾಂಟ್ ಎಂದರೆ ಜಮೀನು ಮಂಜೂರು ಮಾಡುವುದು. ಗಣಕದವರಿಗೆ ಅಧಿಕಾರ ಮಂಜೂರು ಮಾಡುವುದು. ಎರಡರಲ್ಲೂ ಎಡವಟ್ಟಾದರೆ ಬಿಡಿಸಿಕೊಳ್ಳುವುದು ಕಷ್ಟವೇ.

ಆದರೆ ಬರೀ ಗ್ರ್ಯಾಂಟ್, ರಿವೋಕ್ ಇದ್ದರೆ ಸಾಲದು. ಒಂದು ಕಚೇರಿಯಲ್ಲಿ 20 ಮಂದಿ ಸಿಬ್ಬಂದಿ, ಗಣಕದಲ್ಲಿ 30 ಕೋಷ್ಟಕ, ಒಂದೊಂದರ ಮೇಲೂ ನಾಲ್ಕು ಬಗೆಯ ಕೆಲಸ ಎನ್ನಿ. ಗುಣಿಸಿದರೆ 2,400 ಬೀಗದ ಕೈ! ಒಬ್ಬರು ಮಧುಗಿರಿಗೆ ವರ್ಗವಾದರು, ಇನ್ನೊಬ್ಬರು ಪಾವಗಡದಿಂದ ಬಂದರು, ಮತ್ತೊಬ್ಬರಿಗೆ ಬಡ್ತಿ ಸಿಕ್ಕಿತು ಎಂದಾಗಲೆಲ್ಲ ಗೊಂಚಲು ಬಿಚ್ಚಿ ಕೀಲಿಗಳನ್ನು ಮರುಜೋಡಿಸಬೇಕು. ಇಷ್ಟೊಂದು ರಗಳೆ ಯಾರಿಗೆ ಬೇಕು ಎಂದು, ಗಣಕ ನೋಡಿಕೊಳ್ಳುವವನು ಕೊನೆಗೆ ಎಲ್ಲರಿಗೂ ಎಲ್ಲ ಕೀಲಿ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಬೀಗ ಇದ್ದೂ ಇಲ್ಲದಂತೆ.

ಇದಕ್ಕೆ ಸಿಕ್ಕ ಪರಿಹಾರ ತುಮಕೂರು ಜಿಲ್ಲೆಯವರಿಗೆ ಬಲು ಬೇಗ ಅರ್ಥವಾಗುತ್ತದೆ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ಇದೇ ಜಿಲ್ಲೆಯದು. ಮೂಡಲಪಾಯದ ಆಟವಂತೂ ಈ ಸೀಮೆಯ ಹಳ್ಳಿಹಳ್ಳಿಗೂ ಗೊತ್ತು. ಕೌರವನ ಕಿರೀಟ, ಗದೆ, ಸಿಂಹಾಸನ ಯಾರದು? ಕೌರವನದು, ಅಂದಿನ ರಾತ್ರಿ ಆ ವೇಷ ಕಟ್ಟಿದ ನಟನದಲ್ಲ. ಅವನಿಗೆ ಜ್ವರ ಬಂದರೆ ಇನ್ನೊಬ್ಬ ಅದೇ ಕಿರೀಟ ತೊಟ್ಟು ಅದೇ ಸಿಂಹಾಸನ ಏರುತ್ತಾನೆ. ಬೆಳಗಾಗಿ ಬಣ್ಣ ತೊಳೆದ ಮೇಲೆ ಕಿರೀಟ ಪೆಟ್ಟಿಗೆಗೆ, ನಟ ಮನೆಗೆ. ಅಧಿಕಾರ ಪಾತ್ರಕ್ಕೆ, ಮನುಷ್ಯನಿಗಲ್ಲ.

ಗಣಕದವರೂ ಇದನ್ನು ಪಾತ್ರ ಎಂದೇ ಕರೆದರು, ಅವರ ಮಾತಿನಲ್ಲಿ 'ರೋಲ್'. ಮೊದಲು ಪಾತ್ರ ಸೃಷ್ಟಿಸು. ಆ ಪಾತ್ರಕ್ಕೆ ಬೇಕಾದ ಅಧಿಕಾರಗಳನ್ನು ಒಮ್ಮೆ ಯೋಚಿಸಿ ಕೊಡು. ಆಮೇಲೆ ಮನುಷ್ಯನಿಗೆ ಪಾತ್ರವನ್ನು ಕೊಡು. ಅವನು ವರ್ಗವಾದಾಗ ಒಂದೇ ಆಜ್ಞೆಯಿಂದ ಪಾತ್ರ ಕಳಚು. ಹೊಸಬ ಬಂದಾಗ ಒಂದೇ ಆಜ್ಞೆಯಿಂದ ತೊಡಿಸು. ಆರೇಕಲ್ ಕಂಪನಿ 1992ರಲ್ಲಿ ಹೊರತಂದ ತನ್ನ ಏಳನೆಯ ಆವೃತ್ತಿಯ ದತ್ತಸಂಚಯದಲ್ಲಿ ಪಾತ್ರಗಳಿಗೆ ಜಾಗ ಕೊಟ್ಟಿತು. ಅದೇ ವರ್ಷ ಅಮೆರಿಕದ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ ಇದನ್ನು ಶಾಸ್ತ್ರೀಯವಾಗಿ ಪ್ರತಿಪಾದಿಸಿದರು. 1999ರ ಎಸ್‌ಕ್ಯೂಎಲ್ ಭಾಷೆಯ ಮಾನಕದಲ್ಲಿ ಪಾತ್ರಗಳೂ ಸೇರಿಕೊಂಡವು. ನಮ್ಮ 'ಭೂಮಿ' ಕಣ್ತೆರೆದದ್ದೂ ಸರಿಸುಮಾರು ಅದೇ ಹೊತ್ತಿಗೆ.

ಈಗ ಕೊರಟಗೆರೆಯ ಕಿಟಕಿಗೆ ಮರಳೋಣ. ಅಲ್ಲಿ ಬೆರಳಿಟ್ಟವರ ಪಾತ್ರವೇನು? ಅರ್ಜಿಯನ್ನು ಗಣಕಕ್ಕೆ ಸೇರಿಸುವುದು, ನಂಬರಿನ ರಸೀದಿ ಕೊಡುವುದು, ಪಹಣಿ ಮುದ್ರಿಸಿ ಕೊಡುವುದು. ಅರ್ಜಿಗಳನ್ನು ಬಂದ ಸರದಿಯಲ್ಲೇ ಎತ್ತಿಕೊಳ್ಳಬೇಕು. ಬೇಕಾದವರದನ್ನು ಮುಂದಕ್ಕೆ ತಳ್ಳಲು ತಂತ್ರಾಂಶ ಬಿಡದು. ನೋಟಿಸು ಹಿಡಿದು ಹಳ್ಳಿಗೆ ಹೋಗಿ ಜಾರಿ ಮಾಡುವುದು ಗ್ರಾಮ ಲೆಕ್ಕಿಗರ ಪಾತ್ರ. ತಕರಾರು ಇದ್ದವರು ಹೇಳಲಿ ಎಂದು ಆಗ 30 ದಿನ ಕಾಯಬೇಕಿತ್ತು. ಯಾರೂ ತಕರಾರು ಎತ್ತದಿದ್ದರೆ ಕಂದಾಯ ನಿರೀಕ್ಷಕರು ಆದೇಶ ಬರೆಯುತ್ತಾರೆ. ತಕರಾರು ಬಂದರೆ ವಿಚಾರಣೆ, ಮೇಲಿನ ಅಧಿಕಾರಿ. ಆದೇಶವಾದ ಮೇಲೆಯೂ ಪಹಣಿಗೆ ಇಳಿಯುವ ಮುನ್ನ ಟೈಪು ಮಾಡಿದವರ ಬೆರಳು ಒಂದು, ಸರಿಯಿದೆಯೆಂದು ಒಪ್ಪಿದವರ ಬೆರಳು ಇನ್ನೊಂದು.

ಗುಟ್ಟು ಇರುವುದು ಇಲ್ಲಿ. ಬರೆಯುವವನು ಒಪ್ಪುವಂತಿಲ್ಲ, ಒಪ್ಪುವವನು ಬರೆಯುವಂತಿಲ್ಲ. ಮದುವೆ ಮನೆಯಲ್ಲಿ ಮುಯ್ಯಿ ಬರೆಯುವವನ ಪಕ್ಕದಲ್ಲಿ ದುಡ್ಡು ಇಸಿದುಕೊಳ್ಳಲು ಇನ್ನೊಬ್ಬನನ್ನು ಕೂರಿಸುವುದು ಇದೇ ಕಾರಣಕ್ಕೆ. ಇಬ್ಬರಲ್ಲಿ ಯಾರ ಮೇಲೂ ಅಪನಂಬಿಕೆಯಲ್ಲ. ನಾಳೆ ಯಾರಾದರೂ ಬೆರಳು ತೋರಿಸಿದರೆ ಇಬ್ಬರ ಮರ್ಯಾದೆಯೂ ಉಳಿಯಲಿ ಎಂದು. ಒಂದು ಸುಳ್ಳು ಪಹಣಿಗೆ ಇಳಿಯಬೇಕಾದರೆ ಈಗ ಒಬ್ಬ ಕೆಟ್ಟರೆ ಸಾಲದು. ನಾಲ್ವರು ಒಟ್ಟಿಗೆ ಕೆಡಬೇಕು. ಅದು ಅಸಾಧ್ಯವಲ್ಲ, ಆದರೆ ದುಬಾರಿ.

ಹಾಗಾದರೆ ಆ ಬೆರಳಿನ ಡಬ್ಬಿ ಏತಕ್ಕೆ? ಅದು ಉತ್ತರಿಸುವ ಪ್ರಶ್ನೆಯೇ ಬೇರೆ. 'ನೀನು ಯಾರು?' ಎಂಬುದು ಒಂದು ಪ್ರಶ್ನೆ. 'ನೀನು ಏನು ಮಾಡಬಹುದು?' ಎಂಬುದು ಇನ್ನೊಂದು. ಬೆರಳು ಹೇಳುವುದು ಮೊದಲನೆಯದನ್ನು ಮಾತ್ರ. ಎರಡನೆಯದನ್ನು ಹೇಳುವುದು ಪಾತ್ರ. ಬರೀ ಗುಪ್ತಪದ ಇದ್ದರೆ ಅದನ್ನು ಚೀಟಿಯಲ್ಲಿ ಬರೆದು ಮೇಜಿನ ಗಾಜಿನ ಕೆಳಗಿಡುವ ಪರಿಪಾಠ ಎಲ್ಲ ಕಚೇರಿಗಳಿಗೂ ಗೊತ್ತಿದ್ದದ್ದೇ. 'ಸ್ವಲ್ಪ ಹೊರಗೆ ಹೋಗಿ ಬರ್ತೀನಿ, ನನ್ನ ಹೆಸರಲ್ಲೇ ಮಾಡ್ಬಿಡಪ್ಪ' ಎಂದರೆ ಮುಗಿಯಿತು. ಆಮೇಲೆ ತನಿಖೆಯಲ್ಲಿ 'ನಾನಲ್ಲ, ನನ್ನ ಗುಪ್ತಪದ ಕದ್ದರು' ಎನ್ನಬಹುದು. ಬೆರಳನ್ನು ಚೀಟಿಯಲ್ಲಿ ಬರೆದಿಡಲಾಗದು. ಯಾರು, ಯಾವಾಗ, ಏನು ಮಾಡಿದರು ಎಂಬುದು ದಾಖಲಾದ ಮೇಲೆ 'ನಾನಲ್ಲ' ಎನ್ನುವುದು ಕಷ್ಟ.

ಇಷ್ಟೆಲ್ಲ ಕೇಳಿದ ಮೇಲೆ ಎಲ್ಲವೂ ಭದ್ರ ಎಂದು ಸಮಾಧಾನಪಟ್ಟುಕೊಳ್ಳಬಹುದೆ? ಇಲ್ಲ. ಪಾತ್ರಗಳ ಏರ್ಪಾಟು ಕೆಡುವ ದಾರಿಗಳೂ ಹಲವಾರಿವೆ.

ಮೊದಲನೆಯದು ಮರೆವು. ಬಂದವರಿಗೆ ಪಾತ್ರ ತೊಡಿಸುವುದನ್ನು ಯಾರೂ ಮರೆಯುವುದಿಲ್ಲ. ಇಲ್ಲದಿದ್ದರೆ ಕೆಲಸವೇ ನಡೆಯದು, ಬಂದವರೇ ಬಾಗಿಲು ತಟ್ಟುತ್ತಾರೆ. ಹೋದವರಿಂದ ಕಳಚುವುದು ಮರೆತುಹೋಗುತ್ತದೆ. ಯಾಕೆಂದರೆ ಕಳಚದಿದ್ದರೆ ಯಾರಿಗೂ ತೊಂದರೆ ಕಾಣುವುದಿಲ್ಲ. ಹತ್ತು ವರ್ಷದಲ್ಲಿ ನಾಲ್ಕು ಮೇಜು ದಾಟಿದ ನೌಕರನ ಮೈಮೇಲೆ ನಾಲ್ಕು ವೇಷವೂ ಹಾಗೇ ಉಳಿದರೆ, ಬರೆಯುವ ಪಾತ್ರವೂ ಒಪ್ಪುವ ಪಾತ್ರವೂ ಒಬ್ಬನಲ್ಲೇ ಕೂಡಿ, ಹಳೆಯ ಬಗಲಿನ ಚೀಲವೇ ಮತ್ತೆ ಹುಟ್ಟಿಬರುತ್ತದೆ. ಈ ಸಲ ಅದು ಕಣ್ಣಿಗೆ ಕಾಣುವುದೂ ಇಲ್ಲ.

ಎರಡನೆಯದು ಧಾರಾಳತನ. 'ಇರಲಿ, ಮುಂದೆ ಬೇಕಾದೀತು' ಎಂದು ಅಗತ್ಯಕ್ಕಿಂತ ಹೆಚ್ಚು ಕೊಟ್ಟುಬಿಡುವುದು. ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ವಿಜ್ಞಾನಿಗಳು 1975ರಲ್ಲೇ ಇದಕ್ಕೊಂದು ಸೂತ್ರ ಹೇಳಿದ್ದರು. ಕೆಲಸ ಮಾಡಲು ಎಷ್ಟು ಬೇಕೋ ಅಷ್ಟೇ ಅಧಿಕಾರ. ಒಂದು ಗುಲಗಂಜಿಯೂ ಹೆಚ್ಚಿಗೆ ಬೇಡ. ಮುದ್ರಿಸಿ ಕೊಡುವವನಿಗೆ ತಿದ್ದುವ ಅಧಿಕಾರ ಏಕೆ? ಬೆಳೆ ವಿವರ ಸೇರಿಸುವವನಿಗೆ 9ನೇ ಕಲಮಿನ ಹೆಸರು ಮುಟ್ಟುವ ಅಧಿಕಾರ ಏಕೆ?

ಮೂರನೆಯದು ಇನ್ನೂ ಸೂಕ್ಷ್ಮ. ಅಧಿಕಾರ ಕೊಡುವಾಗ 'ಇದನ್ನು ನೀನು ಇನ್ನೊಬ್ಬರಿಗೂ ಕೊಡಬಹುದು' ಎಂಬ ಬಾಲವನ್ನೂ ಜೋಡಿಸಲು ಬರುತ್ತದೆ. ಗಣಕ ಭಾಷೆಯಲ್ಲಿ 'ವಿತ್ ಗ್ರ್ಯಾಂಟ್ ಆಪ್ಷನ್'. ಮೇಲಿನವರು ಕೆಳಗಿನವರಿಗೆ, ಅವರು ಇನ್ನೂ ಕೆಳಗಿನವರಿಗೆ ಕೊಡುತ್ತ ಹೋದರೆ ಕೊನೆಯ ಕೀಲಿ ಯಾರ ಜೇಬಿನಲ್ಲಿದೆ ಎಂಬುದು ಮೊದಲನೆಯವರಿಗೇ ತಿಳಿಯದು. ಗ್ರಿಫಿತ್ಸ್ ಮತ್ತು ವೇಡ್ 1976ರಲ್ಲಿ ತಲೆಕೆಡಿಸಿಕೊಂಡದ್ದು ಮುಖ್ಯವಾಗಿ ಇದಕ್ಕೇ. ನಡುವಿನವನ ಅಧಿಕಾರ ಕಸಿದರೆ, ಅವನು ಹಂಚಿದ್ದರ ಗತಿ ಏನು? ಅವನಿಂದ ಬಂದದ್ದೆಲ್ಲ ಸರಣಿಯಾಗಿ ಬಿದ್ದುಹೋಗಬೇಕು ಎಂಬುದು ಅವರ ಉತ್ತರ. ಆದರೆ ಅದೇ ಅಧಿಕಾರ ಇನ್ನೊಂದು ದಾರಿಯಿಂದಲೂ ಬಂದಿದ್ದರೆ ಅದು ಉಳಿಯುತ್ತದೆ. ಬೇರು ಕಿತ್ತರೆ ಬಳ್ಳಿ ಒಣಗುತ್ತದೆ. ಬಳ್ಳಿಗೆ ಇನ್ನೊಂದು ಕಡೆ ಬೇರಿದ್ದರೆ ಇಲ್ಲ.

ಇದು ಬರೀ ಪುಸ್ತಕದ ಬದನೆಕಾಯಿಯಲ್ಲ. 2018ರ ಜನವರಿಯಲ್ಲಿ ಚಂಡೀಗಢದ 'ದಿ ಟ್ರಿಬ್ಯೂನ್' ಪತ್ರಿಕೆ ಒಂದು ವರದಿ ಪ್ರಕಟಿಸಿತು. 500 ರೂಪಾಯಿ ಕೊಟ್ಟರೆ ದಲ್ಲಾಳಿಯೊಬ್ಬ ಬಳಕೆದಾರನ ಹೆಸರು, ಗುಪ್ತಪದ ಸೃಷ್ಟಿಸಿಕೊಟ್ಟನೆಂದೂ, ಅದರಿಂದ ಯಾರದೇ ಆಧಾರ್ ಸಂಖ್ಯೆ ಹಾಕಿದರೂ ಹೆಸರು, ವಿಳಾಸದಂಥ ವಿವರ ನೋಡಬಹುದಾಗಿತ್ತೆಂದೂ ಅದು ಬರೆಯಿತು. ಬೆರಳಚ್ಚು, ಕಣ್ಣಿನ ಗುರುತುಗಳು ಸೋರಿಲ್ಲವೆಂದು ಪ್ರಾಧಿಕಾರ ಹೇಳಿತು. ಕುಂದುಕೊರತೆ ನಿವಾರಣೆಗೆಂದು ಅಧಿಕಾರಿಗಳಿಗೆ ಕೊಟ್ಟಿದ್ದ ಸೌಲಭ್ಯದ ದುರ್ಬಳಕೆ ಇದಿರಬಹುದು ಎಂದಿತು. ಗೋಡೆ ಕೊರೆದವರು ಯಾರೂ ಇರಲಿಲ್ಲ. ವರದಿ ಹೇಳಿದ ಪ್ರಕಾರ, ಕೀಲಿ ಇದ್ದವರಿಂದಲೇ ಕೀಲಿ ಮಾರಾಟವಾಗಿತ್ತು.

ನಾಲ್ಕನೆಯದು ಎಲ್ಲಕ್ಕಿಂತ ಕಠಿಣ. ಇಷ್ಟೆಲ್ಲ ಪಾತ್ರ ಹಂಚುವವನು ಯಾರು? ಅವನಿಗೆ ಯಾವ ಪಾತ್ರ? ದತ್ತಸಂಚಯದ ಆಡಳಿತಗಾರ ನಾಟಕದ ಪೆಟ್ಟಿಗೆಯ ಬೀಗ ಇಟ್ಟುಕೊಂಡವನಂತೆ. ಬೇಕೆಂದರೆ ಎಲ್ಲ ಕಿರೀಟವನ್ನೂ ತಾನೇ ತೊಡಬಲ್ಲ. 2013ರಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ರಹಸ್ಯಗಳನ್ನು ಹೊರಗೆಡಹಿದ ಎಡ್ವರ್ಡ್ ಸ್ನೋಡನ್ ಮಾಡುತ್ತಿದ್ದುದು ಗಣಕಗಳ ಆಡಳಿತದ ಕೆಲಸವನ್ನೇ. ಅವನು ಮಾಡಿದ್ದು ಸರಿಯೋ ತಪ್ಪೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಆದರೆ ಜಗತ್ತಿನ ಅತಿ ಬಿಗಿಯಾದ ಕಾವಲಿನ ಮನೆಯಲ್ಲೂ ಬೀಗ ನೋಡಿಕೊಳ್ಳುವವನಿಗೆ ಬೀಗ ಇರಲಿಲ್ಲ ಎಂಬುದಂತೂ ಆ ದಿನ ಎಲ್ಲರಿಗೂ ಗೊತ್ತಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು ಎಂದು ನಮ್ಮ ಹಿರಿಯರು ಕೇಳಿದ ಪ್ರಶ್ನೆಯೂ ಅದೇ.

ಇದಕ್ಕೆ ಗಣಕ ಲೋಕ ಕಂಡುಕೊಂಡ ಮದ್ದುಗಳೂ ಹಳೆಯವೇ. ಆಡಳಿತಗಾರ ಮಾಡಿದ್ದೂ ದಾಖಲಾಗಬೇಕು. ಆ ದಾಖಲೆ ಅವನ ಕೈಗೆಟುಕದ ಕಡೆ ಇರಬೇಕು. ದೊಡ್ಡ ಬದಲಾವಣೆಗೆ ಇಬ್ಬರು ಬೇಕು. ಆರು ತಿಂಗಳಿಗೊಮ್ಮೆಯಾದರೂ ಯಾರ ಬಳಿ ಯಾವ ಪಾತ್ರ ಇದೆಯೆಂದು ಪಟ್ಟಿ ತೆಗೆದು ಓದಬೇಕು. ದೇವಸ್ಥಾನದ ಹುಂಡಿಯನ್ನು ಹತ್ತು ಜನರ ಮುಂದೆ ತೆರೆದು ಎಣಿಸುವುದಿಲ್ಲವೆ, ಹಾಗೆ. ದೇವರ ದುಡ್ಡಿಗೇ ಸಾಕ್ಷಿ ಬೇಕೆಂದ ಮೇಲೆ ರೈತನ ಹೊಲಕ್ಕೆ ಬೇಡವೆ?

ಈ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ಪಾತ್ರ ಹಂಚುವುದು ಬರೀ ತಾಂತ್ರಿಕ ಕೆಲಸವಲ್ಲ. ಯಾರಿಗೆ ಕೊಟ್ಟೆವು ಎಂಬುದರ ಜೊತೆಗೆ ಯಾರಿಂದ ಕಿತ್ತೆವು ಎಂಬುದೂ ಸೇರಿರುತ್ತದೆ. 'ಭೂಮಿ' ಬಂದಾಗ ಪುಸ್ತಕ ಹಳ್ಳಿ ಬಿಟ್ಟು ತಾಲ್ಲೂಕಿಗೆ ಹೋಯಿತು. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದ ಅಧ್ಯಯನವೊಂದು ಈ ಬಗ್ಗೆ ಕಟುವಾಗಿಯೇ ಮಾತಾಡಿತು. ಹಳ್ಳಿಯಲ್ಲಿದ್ದ ಅಧಿಕಾರ ಮೇಲಕ್ಕೆ ಸರಿದು ಒಂದೆಡೆ ಸೇರಿತು, ಊರಿನ ರೈತನಿಗಿಂತ ಬೆಂಗಳೂರಿನ ಸುತ್ತ ಜಮೀನು ಕೊಳ್ಳುವ ದೊಡ್ಡ ಕುಳಗಳಿಗೆ ಅದರಿಂದ ಅನುಕೂಲವಾಯಿತು ಎಂಬುದು ಅವರ ವಾದ. ಅದನ್ನು ಪೂರ್ತಿ ಒಪ್ಪದವರೂ ಒಂದು ಮಾತು ಒಪ್ಪಲೇಬೇಕು. ಶಾನುಭೋಗರೊಡನೆ ಜಗಳವಾಡಲು ಚಾವಡಿಯ ಜಗಲಿ ಇತ್ತು. ಗಣಕದೊಡನೆ ಜಗಳವಾಡಲು ಜಗಲಿ ಎಲ್ಲಿದೆ? 'ಸಿಸ್ಟಂ ತಗೊಳ್ತಿಲ್ಲ' ಎಂಬ ಒಂದೇ ಮಾತಿಗೆ ಎಷ್ಟು ಸಾವಿರ ರೈತರು ಬಸ್ಸು ಹತ್ತಿ ವಾಪಸು ಹೋಗಿರಬಹುದೋ! ಬೀಗ ಬಿಗಿಯಾದಷ್ಟೂ ಕಳ್ಳನಿಗೆ ಕಷ್ಟ, ನಿಜ. ಮನೆಯವನೇ ಹೊರಗೆ ನಿಂತರೆ ಅದೂ ಅನ್ಯಾಯವೇ.

ಹಾಗಾದರೆ ಈ ಏರ್ಪಾಟಿನಲ್ಲಿ ರೈತನ ಪಾತ್ರವೇನು? ಅವನು ಬರೆಯುವಂತಿಲ್ಲ, ತಿದ್ದುವಂತಿಲ್ಲ, ಒಪ್ಪುವಂತಿಲ್ಲ. ಉಳಿದದ್ದು ಒಂದೇ: ನೋಡುವುದು. ಕಡೆಯ ಸಾಲಿನ ಪಾತ್ರದಂತೆ ಕಾಣುತ್ತದೆ, ಮಾತಿಲ್ಲದ ದ್ವಾರಪಾಲಕನ ಹಾಗೆ. ನಿಜಕ್ಕೂ ಅದೇ ದೊಡ್ಡದು. ಯಾಕೆಂದರೆ ಮೇಲಿನ ನಾಲ್ವರೂ ಒಟ್ಟಿಗೆ ಕೆಟ್ಟರೂ, ಬೇಲಿಯೇ ಎದ್ದು ಮೇಯ್ದರೂ, 9ನೇ ಕಲಮಿನಲ್ಲಿ ತನ್ನ ಹೆಸರಿನ ಜಾಗದಲ್ಲಿ ಇನ್ನೊಬ್ಬರದು ಕೂತಿರುವುದನ್ನು ಮೊದಲು ಗುರುತಿಸಬಲ್ಲವನು ಅವನೊಬ್ಬನೇ. ಲೆಕ್ಕಪರಿಶೋಧಕನಿಗೆ ಅದು 2 ಕೋಟಿಯಲ್ಲಿ ಒಂದು ಸಾಲು. ರೈತನಿಗೆ ಇರುವುದೇ ಒಂದು ಸಾಲು. ಹಳೆಯ ವ್ಯವಸ್ಥೆಯಲ್ಲಿ ಆ ಸಾಲನ್ನು ನೋಡಲೂ ಲೆಕ್ಕಿಗರ ದಯೆ ಬೇಕಿತ್ತು. ಇಂದು ಸರ್ವೆ ನಂಬರು ಗೊತ್ತಿದ್ದರೆ ಮೊಬೈಲು ಫೋನಿನಲ್ಲೇ ಪಹಣಿ ನೋಡಬಹುದು. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ರಾಜ್ಯದ ತುಂಬ ನಡೆಯಿತು. ಗ್ರಾಮ ಲೆಕ್ಕಿಗರ ಹೆಸರೂ ಬದಲಾಗಿ ಅವರೀಗ ಗ್ರಾಮ ಆಡಳಿತ ಅಧಿಕಾರಿಗಳು. ಇವೆಲ್ಲ ಬದಲಾದರೂ ಸೂತ್ರ ಬದಲಾಗಿಲ್ಲ. ಬರೆಯುವ ಅಧಿಕಾರ ಎಷ್ಟು ಕಡಿಮೆ ಜನರಿಗಿದ್ದರೆ ಅಷ್ಟು ಒಳ್ಳೆಯದು. ಓದುವವರು ಎಷ್ಟು ಹೆಚ್ಚಿದ್ದರೆ ಅಷ್ಟು ಒಳ್ಳೆಯದು. ಪಹಣಿಯಂಥ ಸಾರ್ವಜನಿಕ ದಾಖಲೆಯ ಮಾತು ಇದು. ಆಸ್ಪತ್ರೆಯ ಚೀಟಿ, ಬ್ಯಾಂಕಿನ ಖಾತೆಗೆ ಓದುವವರೂ ಕಡಿಮೆಯೇ ಇರಬೇಕು.

ಆ 30 ದಿನದ ನೋಟಿಸೂ ಇದೇ ಸೂತ್ರದ ಹಳೆಯ ರೂಪ. ಗಣಕದಲ್ಲಿ ಹೆಸರಿಲ್ಲದ, ಬೆರಳು ಕೊಡದ ಪಕ್ಕದ ಹೊಲದವನಿಗೆ, ದೂರದ ಊರಿಗೆ ಮದುವೆಯಾಗಿ ಹೋದ ಅಕ್ಕನಿಗೆ 'ತಕರಾರು ಇದೆಯೇ?' ಎಂದು ಕೇಳುವ ಪದ್ಧತಿ ಅದು. ಗಣಕ ಅರ್ಧ ಗಳಿಗೆಯಲ್ಲಿ ಮಾಡಬಹುದಾದ ಕೆಲಸಕ್ಕೆ ತಿಂಗಳು ಕಾಯಿಸಿದ್ದು ಸೋಮಾರಿತನದಿಂದಲ್ಲ. ಹೆಣ್ಣುಮಕ್ಕಳ ಪಾಲನ್ನು ಮುಚ್ಚಿಟ್ಟು ಖಾತೆ ಮಾಡಿಸಿಕೊಳ್ಳುವ ಅಣ್ಣತಮ್ಮಂದಿರು ಎಲ್ಲ ಊರುಗಳಲ್ಲೂ ಇದ್ದಾರೆ. ನಮ್ಮ ರೈತ 'ಎಲ್ಡು ನಿಮಿಷದ ಕೆಲ್ಸ' ಎಂದನಲ್ಲ, ಅವನ ತಂಗಿಗೆ ಆ ಎರಡು ನಿಮಿಷ ಸಾಕಾಗುತ್ತಿರಲಿಲ್ಲ.

ತಿಂಗಳೆರಡು ಕಳೆದ ಮೇಲೆ ರೈತ ಮತ್ತೆ ಕೊರಟಗೆರೆಗೆ ಬಂದ ಎನ್ನಿ. 15 ರೂಪಾಯಿ ಕೊಟ್ಟ, ಪಹಣಿ ಇಸಿದುಕೊಂಡ. ಓದಲು ಬಾರದ್ದಕ್ಕೆ ಜೊತೆಗೆ ಕರೆತಂದ ಮಗಳ ಕೈಗೆ ಕೊಟ್ಟ. ಹುಡುಗಿ ಅಕ್ಷರ ಅಕ್ಷರ ಕೂಡಿಸಿ ಓದಿದಳು. ಸರ್ವೆ ನಂಬರು, ವಿಸ್ತೀರ್ಣ, ಹೆಸರು.

"ಅಪ್ಪಾ, ನಿನ್ನ ಹೆಸರಲ್ಲಿ ಒಂದು ಒತ್ತು ಬಿಟ್ಟೋಗಿದೆ."

ರೈತ ಮತ್ತೆ ಕಿಟಕಿಯ ಬಳಿ ಹೋದ. ಸಿಬ್ಬಂದಿ ಕಾಗದ ನೋಡಿ, "ಹೌದಲ್ಲ ಯಜಮಾನ್ರೇ, ತಿದ್ದುಪಡಿಗೆ ಒಂದು ಅರ್ಜಿ ಕೊಡಿ" ಎಂದರು.

"ನಿಮ್ಮ ಕೈಲಿ ಆಗಲ್ಲ, ಅಲ್ವಾ?" ಎಂದ ರೈತ. ಈ ಸಲ ಅವನ ದನಿಯಲ್ಲಿ ಸಂಶಯವಿರಲಿಲ್ಲ.